ಪಾದ್ರಿ ಬೀರುವಿನ ಪುರಾಣ

ಅರಕಲಗೂಡಿನ ಪೇಟೆಬೀದಿಯಲ್ಲಿ ಬಣ್ಣ, ಮೊಳೆ, ನಲ್ಲಿ ಮಾರುವ ಬಸವೇಶನಿಗೆ ಬೇಕಾಗಿದ್ದದ್ದು ಒಂದು ತೇಗದ ಬೀರು. ಪುಸ್ತಕ ಅವನಿಗೆ ಬೇಕಾಗಿರಲಿಲ್ಲ. ಹಾಸನದಲ್ಲಿ ವಯಸ್ಸಾದ ಪಾದ್ರಿಯೊಬ್ಬರು ನಿವೃತ್ತರಾಗಿ ಮಂಗಳೂರಿನ ತಂಗಿಯ ಮನೆಗೆ ಹೊರಟಿದ್ದಾರೆ, ತಮ್ಮ ಬೀರು ಮಾರುತ್ತಾರೆ ಎಂದು ಯಾರೋ ಹೇಳಿದರು. ಹೋಗಿ ನೋಡಿದ, ಮರವನ್ನು ಬೆರಳಿನಿಂದ ತಟ್ಟಿದ, ಬಾಗಿಲು ತೆಗೆದು ಮುಚ್ಚಿದ, ಒಪ್ಪಿದ. ಪಾದ್ರಿಯದು ಒಂದೇ ಷರತ್ತು. ಬೀರುವಿನ ಒಳಗಿದ್ದ ಪುಸ್ತಕಗಳೂ ಜೊತೆಗೇ ಹೋಗಬೇಕು, ಗುಜರಿಗೆ ಹಾಕಬಾರದು. ಮೇಲಿನ ಅರೆಗಳಲ್ಲಿ ಕ್ರೈಸ್ತ ದೇವರ ವಿಚಾರದ ಕಪ್ಪು ರಟ್ಟಿನ ಗ್ರಂಥಗಳು, ಕೆಳಗಿನ ಅರೆಗಳಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್‌ಗಳ ದಪ್ಪ ಕಾದಂಬರಿಗಳು, ಎಲ್ಲವೂ ಇಂಗ್ಲಿಷಿನವು. ಇದೇನು ಸ್ವಾಮಿ ಹೀಗೆ ಅಂದರೆ, ಮೇಲಿನವು ಭಾನುವಾರಕ್ಕೆ, ಕೆಳಗಿನವು ಉಳಿದ ವಾರಕ್ಕೆ ಅಂತ ಪಾದ್ರಿ ನಕ್ಕರಂತೆ. ಲಾರಿಯವನು ಪುಸ್ತಕದ ಭಾರಕ್ಕೂ ಸೇರಿಸಿ ಬಾಡಿಗೆ ಕೇಳಿದಾಗ ಬಸವೇಶನಿಗೆ ಮಾತ್ರ ನಗು ಬರಲಿಲ್ಲ.

ಬೀರು ಬಂದದ್ದು ಬಸವೇಶನ ತಾಯಿ ಶಿವಗಂಗಮ್ಮನಿಗೆ ಕೇಳಿಸಿತೇ ಹೊರತು ಕಾಣಿಸಲಿಲ್ಲ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಟಿ.ವಿ.ಯ ಹೆಂಗಸರೆಲ್ಲ ಒಂದೇ ಬಣ್ಣದ ಸೀರೆಯುಟ್ಟು ಒಂದೇ ಮುಖ ಹೊತ್ತು ಓಡಾಡುತ್ತಿದ್ದರು. ಯಾರು ಒಳ್ಳೆಯವಳು, ಯಾರು ವಿಷ ಹಾಕುವವಳು ಎಂದು ತಿಳಿಯದ ಮೇಲೆ ಧಾರಾವಾಹಿ ನೋಡಿ ಏನು ಸುಖ? ಟಿ.ವಿ. ಆರಿಸಿ ನಡುಮನೆಯಲ್ಲಿ ಸುಮ್ಮನೆ ಕೂರುವುದೇ ಅವರ ದಿನಚರಿಯಾಗಿತ್ತು.

ಸೊಸೆ ನಿಧಿ ಚನ್ನರಾಯಪಟ್ಟಣದ ಹುಡುಗಿ. ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ದಿನವೂ ಬಸ್ಸಿನಲ್ಲಿ ಹಿಂತಿರುಗುವಳು. ಪುಸ್ತಕ ಕಂಡರೆ ಅನ್ನ ಮರೆಯುವ ಜಾತಿ. ಮದುವೆಯಾದ ಹೊಸದರಲ್ಲಿ ಇದೇ ಶಿವಗಂಗಮ್ಮ, ಬುಕ್ಕು ಓದುವವಳು ಮನೆ ನೋಡುತ್ತಾಳೆಯೇ ಎಂದು ಬೀದಿಗೆ ಕೇಳುವಂತೆ ಅಂದಿದ್ದರು. ಒಮ್ಮೆ ಅವಳ ಕಾದಂಬರಿಯನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಗೊತ್ತೇ ಇಲ್ಲದವರ ಹಾಗೆ ಕೂತಿದ್ದೂ ಉಂಟು. ಅಲ್ಲಿಂದೀಚೆಗೆ ಅತ್ತೆ ಸೊಸೆಯರ ನಡುವೆ ನಡೆಯುತ್ತಿದ್ದ ಮಾತೆಂದರೆ ಕುಕ್ಕರ್ ಕೂಗಿತೇ, ಹಾಲಿನವನು ಬಂದನೇ, ಇಷ್ಟೇ.

ಶ್ರಾವಣದ ಒಂದು ಸಂಜೆ ನಿಧಿ ಬೀರುವಿನ ಮುಂದೆ ನೆಲದ ಮೇಲೆ ಕೂತು ಹಾಳೆ ಮಗುಚುತ್ತಿದ್ದಳು. ಆ ಸದ್ದು ಕೇಳಿ ಶಿವಗಂಗಮ್ಮ ಆ ಕಡೆ ಕಿವಿಗೊಟ್ಟರು. ಅವರ ಮಾವನವರು ಶ್ರಾವಣವಿಡೀ ಇದೇ ನಡುಮನೆಯಲ್ಲಿ ಪುರಾಣ ಹೇಳುತ್ತಿದ್ದವರು. ಒಂದು ಪದ್ಯ ಹಾಡುವುದು, ಅರ್ಧ ಗಂಟೆ ಅರ್ಥ ಹೇಳುವುದು. ಪದ್ಯ ಯಾರಿಗೂ ತಿಳಿಯುತ್ತಿರಲಿಲ್ಲ, ಅರ್ಥ ಯಾರೂ ಬಿಡುತ್ತಿರಲಿಲ್ಲ. ಮಾವನವರು ಹೋದ ಮೇಲೆ ಆ ನಡುಮನೆಯಲ್ಲಿ ಹಾಳೆ ತಿರುವಿದ ಸದ್ದೇ ಇರಲಿಲ್ಲ. ಅದೇನು ಓದುತ್ತೀಯೋ ನನಗೂ ಒಂದಿಷ್ಟು ಹೇಳು ಎಂದು ಅತ್ತೆ ಕೇಳಿದಾಗ, ಸೊಸೆ ಮೊದಲು ತನ್ನ ಹಿಂದೆ ಇನ್ನಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದಳು.

ಹಾಗೆ ಶುರುವಾಯಿತು. ನಿಧಿ ಕೆಳಗಿನ ಅರೆಯಿಂದ ಒಂದು ದಪ್ಪ ಕಾದಂಬರಿ ಎತ್ತಿಕೊಂಡಳು. ಬೆಟ್ಟದ ಒಂದು ರಾಜ್ಯದಲ್ಲಿ ಗಂಟೆಗಳೆಲ್ಲ ಮೂಕವಾಗಿಬಿಟ್ಟಿವೆ, ಅವುಗಳ ದನಿಯನ್ನು ಒಂದು ಡ್ರ್ಯಾಗನ್ ನುಂಗಿದೆ, ಗಂಟೆ ಎರಕ ಹೊಯ್ಯುವವನ ಮಗಳು ಅದನ್ನು ಹುಡುಕಿಕೊಂಡು ಹೊರಟಿದ್ದಾಳೆ. ಮೊದಲ ಕೆಲವು ದಿನ ನಿಧಿ ಎರಡು ಸಾಲು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಆಮೇಲೆ ಇಂಗ್ಲಿಷು ಬಿಟ್ಟೇಹೋಯಿತು. ಕಣ್ಣು ಹಾಳೆಯ ಮೇಲಿರುತ್ತಿತ್ತು, ಬಾಯಲ್ಲಿ ಸೀದಾ ಅರಕಲಗೂಡು ಬರುತ್ತಿತ್ತು. ಡ್ರ್ಯಾಗನ್ ಗುಹೆಯಿಂದ ತಲೆ ಹೊರಗೆ ಹಾಕಿ, ಯಾವೂರ್ಲಾ ನಿಂದು, ಎಂದು ದಾರಿಹೋಕರನ್ನು ವಿಚಾರಿಸುತ್ತಿತ್ತು.

ಶಿವಗಂಗಮ್ಮ ಅದಕ್ಕೆ ಉರಿನಾಗಪ್ಪ ಎಂದು ಹೆಸರಿಟ್ಟರು. ಅವನ ಮನೆದೇವರು ಯಾವುದು, ತಾಯಿ ಇದ್ದಾಳೋ ಇಲ್ಲವೋ, ಅಷ್ಟು ಗಂಟೆ ನುಂಗಿದವನಿಗೆ ಅಜೀರ್ಣವಾಗಲಿಲ್ಲವೇ ಎಂದು ಕೇಳಿ ಕೇಳಿ ಸೊಸೆಗೆ ಉಸಿರು ಬಿಡಲು ಕೊಡಲಿಲ್ಲ. ಎರಡನೆಯ ಸೋಮವಾರ ಮಾವನವರ ಮಡಚುವ ಮರದ ಪೀಠವನ್ನು ಅಟ್ಟದಿಂದ ಇಳಿಸಿ ಒರೆಸಿ, ಅದರ ಮೇಲೆ ಡ್ರ್ಯಾಗನ್ ಪುಸ್ತಕ ಇಡಿಸಿ, ವಿಭೂತಿ ಹಚ್ಚಿ, ಮುಂದೆ ಒಂದು ತೆಂಗಿನಕಾಯಿ ಇಟ್ಟರು. ನಿಧಿ ಬೇಡವೆನ್ನಲಿಲ್ಲ. ಕಾಯಿ ಇಡುವುದರ ಅರ್ಥ ಏನೆಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಅರ್ಥ ತಿಳಿದದ್ದು ಬಸವೇಶ ತಾಯಿಯ ಕಣ್ಣಿನ ಆಪರೇಶನ್ನಿಗೆ ಹಾಸನದಲ್ಲಿ ದಿನ ಗೊತ್ತು ಮಾಡಿಕೊಂಡು ಬಂದಾಗ. ಆ ಮನೆಯಲ್ಲಿ ಒಂದು ನಿಯಮವಿತ್ತು. ಕಾಯಿ ಇಟ್ಟು ಪುರಾಣ ಕೇಳಲು ಕೂತವರು, ಅದು ಮುಗಿದು ಮಂಗಳ ಹಾಡಿ ಪ್ರಸಾದದ ಚರುಪು ಹಂಚುವ ತನಕ ಹೊಳೆ ದಾಟುವಂತಿಲ್ಲ. ಅರಕಲಗೂಡಿಗೆ ಒಂದು ಕಡೆ ಹೇಮಾವತಿ, ಇನ್ನೊಂದು ಕಡೆ ರಾಮನಾಥಪುರದಲ್ಲಿ ಕಾವೇರಿ, ಆದ್ದರಿಂದ ಶ್ರಾವಣದಲ್ಲಿ ಆ ಮನೆಯ ಹೆಂಗಸರು ಎಲ್ಲಿಗೂ ಹೋಗುವಂತಿರಲಿಲ್ಲ. ಪುರಾಣ ಹೇಳುವವರಿಗೆ ಮಾತ್ರ ಈ ನಿಯಮ ಅನ್ವಯಿಸುತ್ತಿರಲಿಲ್ಲ. ಹೇಳುತ್ತಿದ್ದವರು ಮಾವನವರು, ನಿಯಮ ಮಾಡಿದವರೂ ಮಾವನವರೇ. ಈ ನಿಯಮದಿಂದಾಗಿ ಶಿವಗಂಗಮ್ಮ ಹಾಸನದಲ್ಲಿ ನಡೆದ ಸ್ವಂತ ತಂಗಿಯ ಮದುವೆ ತಪ್ಪಿಸಿಕೊಂಡು, ಮೂರು ದಿನ ಒಲೆ ಮುಂದೆ ಕೂತು ಮಾವನವರಿಗೆ ಮನಸ್ಸಿನಲ್ಲೇ ಶಾಪ ಹಾಕಿದ್ದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಈಗ ಅದೇ ನಿಯಮ ಅವರ ಕೈಗೆ ಬಂದಿತ್ತು.

"ಮಂಗಳ ಆಗೋಗಂಟ ನಾನು ಹೊಳೆ ದಾಟಕಿಲ್ಲ ಕಣ್ಲಾ," ಎಂದರು.

ಬಸವೇಶ ತಲೆ ಚಚ್ಚಿಕೊಂಡ. ಅದು ಪುರಾಣವಲ್ಲ, ಹಲ್ಲಿ ಕಥೆ ಎಂದ. ಕಾಯಿ ಇಟ್ಟ ಮೇಲೆ ಹಲ್ಲಿಯಾದರೇನು ಹಾವಾದರೇನು ಎಂದು ತಾಯಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ನಿಜವಾದ ಕಾರಣ ಬೇರೆ ಇತ್ತು. ಅದನ್ನು ಶಿವಗಂಗಮ್ಮ ಯಾರಿಗೂ ಹೇಳಲಿಲ್ಲ. ಸಂಜೆ ಬಸ್ಸಿಳಿದು ಬಂದು ಕಾಲು ತೊಳೆದು ನಿಧಿ ಎದುರಿಗೆ ಕೂತರೆ ಅವರಿಗೆ ಮನೆ ತುಂಬಿದಂತಾಗುತ್ತಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಅವಳ ನಗು ಹೇಗಿದೆಯೆಂದು ತಿಳಿದದ್ದು ಈ ಶ್ರಾವಣದಲ್ಲೇ. ಕಣ್ಣು ಸರಿಹೋದರೆ ಓದಿ ಹೇಳುವವರು ಯಾಕೆ ಬೇಕು? ನಿಧಿ ತನ್ನ ಕೋಣೆಗೆ, ಇವರು ಟಿ.ವಿ. ಮುಂದಕ್ಕೆ, ಮತ್ತೆ ಕುಕ್ಕರ್ ಕೂಗಿತೇ, ಹಾಲಿನವನು ಬಂದನೇ. ಅದರ ಬದಲು ಪೊರೆಯೇ ವಾಸಿ ಎಂದು ಅವರಿಗೆ ಅನ್ನಿಸಿತು.

ಆದರೆ ಉರಿನಾಗಪ್ಪನ ಕಥೆ ಓಟಕ್ಕೆ ಬಿದ್ದಿತ್ತು. ದೀಪಾವಳಿಯ ಹೊತ್ತಿಗೆ ಎರಡು ಸಂಪುಟ ಮುಗಿದವು. ಹೀಗಾದರೆ ಕಷ್ಟ ಎಂದು ಶಿವಗಂಗಮ್ಮ ಹೊಸ ಏರ್ಪಾಡು ಮಾಡಿದರು. ಒಂದು ದಿನ ಕೆಳಗಿನ ಅರೆಯದು, ಒಂದು ದಿನ ಮೇಲಿನ ಅರೆಯದು. ಮೇಲಿನ ಅರೆಯ ಕಪ್ಪು ರಟ್ಟಿನ ಪುಸ್ತಕ ಅವರ ಪಾಲಿಗೆ ವರವಾಯಿತು. ಆ ದೇವಶಾಸ್ತ್ರದ ಪಂಡಿತರು ಒಂದು ಮಾತು ಹೇಳಿ, ಅದಕ್ಕೆ ಆಕ್ಷೇಪ ಹೇಳಿ, ಆಕ್ಷೇಪಕ್ಕೆ ಸಮಾಧಾನ ಹೇಳಿ, ಸಮಾಧಾನದಲ್ಲಿ ಇನ್ನೊಂದು ಆಕ್ಷೇಪ ಕಂಡುಹಿಡಿಯುತ್ತಿದ್ದರು. ಎಲ್ಲಿಯೂ ತಲುಪುವ ಅವಸರ ಅವರಿಗಿರಲಿಲ್ಲ.

ತಂದೆ, ಮಗ, ಪವಿತ್ರಾತ್ಮ ಮೂವರಾದರೂ ಒಂದೇ ಎಂಬ ಅಧ್ಯಾಯ ಬಂತು. ಇದಕ್ಕಾಗಿ ನೂರಾರು ವರ್ಷ ಜಗಳವಾಡಿದರು ಎಂದು ನಿಧಿ ಹೇಳಿದಾಗ ಶಿವಗಂಗಮ್ಮನಿಗೆ ಆಶ್ಚರ್ಯ. ಗುರು ಲಿಂಗ ಜಂಗಮ ಮೂರೂ ಒಂದೇ ಎಂದು ಅವರು ಲಂಗ ಉಡುವ ವಯಸ್ಸಿನಲ್ಲೇ ಅವರಪ್ಪ ಹೇಳಿಕೊಟ್ಟಿದ್ದ, ಅವರು ಸರಿ ಎಂದು ಆಟಕ್ಕೆ ಹೋಗಿದ್ದರು. ಅದರಲ್ಲಿ ಜಗಳವಾಡುವಂಥದ್ದು ಏನಿದೆ ಎಂದು ಅವರಿಗೆ ಕೊನೆಗೂ ಹೊಳೆಯಲಿಲ್ಲ.

ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ಪಂಚಾಕ್ಷರಯ್ಯ ಒಂದು ಸಂಜೆ ಗಂಭೀರವಾಗಿ ಬಂದರು. ಲಿಂಗ ಕಟ್ಟಿದ ಮನೆಯಲ್ಲಿ ಪಾದ್ರಿ ಪುಸ್ತಕ ಓದುವುದು ಬೀದಿಗೆ ಶೋಭೆಯಲ್ಲ ಎಂಬುದು ಅವರ ಅಭಿಪ್ರಾಯ. ಶಿವಗಂಗಮ್ಮ ಅವರಿಗೆ ಮಣೆ ಹಾಕಿಸಿ, ಕೇಳಿ ಆಮೇಲೆ ಬೈಯಿರಿ ಎಂದರು. ಅವತ್ತು ಉರಿನಾಗಪ್ಪನ ಸರದಿಯಾಗಿತ್ತು. ಗಂಟೆಗಾರನ ಮಗಳು ಹಗ್ಗದ ಸೇತುವೆಯ ನಡುವೆ ನಿಂತಾಗ ಹಗ್ಗ ಹರಿಯಲು ಶುರುವಾಯಿತು, ನಿಧಿ ಪುಸ್ತಕ ಮುಚ್ಚಿ ಅನ್ನಕ್ಕಿಡಲು ಎದ್ದಳು. ಉರಿನಾಗಪ್ಪನ ಮುಂದಿನ ಸರದಿಗೆ ಪಂಚಾಕ್ಷರಯ್ಯ ನಿಧಿಗಿಂತ ಮೊದಲೇ ಬಂದು ಕೂತಿದ್ದರು. ಆಕ್ಷೇಪಣೆ ಏನಾಯಿತೆಂದು ಯಾರೂ ಕೇಳಲಿಲ್ಲ.

ಕೃಪೆಯ ಅಧ್ಯಾಯ ಬಂದಾಗ ಮಾತ್ರ ಶಿವಗಂಗಮ್ಮ ತಡವರಿಸಿದರು. ದೇವರ ಕೃಪೆ ಯೋಗ್ಯತೆ ನೋಡಿ ಬರುವುದಿಲ್ಲ, ಗಳಿಸಿದರೆ ಅದು ಕೂಲಿ, ಗಳಿಸದೆ ಸಿಕ್ಕರೆ ಕೃಪೆ ಎಂದು ಅಲ್ಲಿ ಬರೆದಿತ್ತು. ಮಾಡಿದ್ದುಣ್ಣೋ ಮಾರಾಯ ಎಂದು ಕೇಳಿ ಬೆಳೆದ ಜೀವಕ್ಕೆ ಇದು ಒಗ್ಗಲಿಲ್ಲ. ಕೆಟ್ಟದ್ದು ಮಾಡಿದವಳಿಗೂ ಒಳ್ಳೆಯದು ಸಿಗುತ್ತದೆಯೇ, ಲೆಕ್ಕವೇ ಇಲ್ಲವೇ ಎಂದು ಕೇಳಿದರು. ಇಲ್ಲವಂತೆ ಎಂದಳು ನಿಧಿ. ಸೊಸೆಯ ಪುಸ್ತಕ ಅಕ್ಕಿ ಡಬ್ಬದಲ್ಲಿ ಹೂತವಳಿಗೆ ಅದೇ ಸೊಸೆ ದಿನವೂ ಗಂಟಲು ಒಣಗಿಸಿಕೊಂಡು ಓದುತ್ತಿದ್ದಾಳೆ, ಇದು ಯಾವ ಲೆಕ್ಕ? ಅವರಿಗೆ ನಾಚಿಕೆಯೂ ಆಯಿತು, ಒಂಥರಾ ಸಂತೋಷವೂ ಆಯಿತು. ಅವತ್ತು ಕಾಫಿಗೆ ತಾವೇ ಎದ್ದು ಹೋಗಿ, ಸಕ್ಕರೆ ಎಂದು ಉಪ್ಪು ಹಾಕಿ ಕೊಟ್ಟರು. ನಿಧಿ ಕೊನೆಯ ಗುಟುಕಿನವರೆಗೂ ಕುಡಿದಳು.

ಸಂಕ್ರಾಂತಿಯ ದಿನ ಶಿವಗಂಗಮ್ಮ ಬಾಗಿಲ ಬಳಿ ನಿಂತಿದ್ದ ಪಂಚಾಕ್ಷರಯ್ಯನವರಿಗೆ ಎಳ್ಳುಬೆಲ್ಲ ಕೊಟ್ಟು, ಒಳ್ಳೆಯ ಮಾತಾಡಿ ಎಂದು ಹರಸಿದರು. ಅವರು ಮಾತೇ ಆಡಲಿಲ್ಲ. ಹಬ್ಬದ ದಿನವೂ ಇದೆಂಥ ಬಿಗುಮಾನ, ಮೇಷ್ಟರಾಗಿದ್ದವರಿಗೆ ಸೊಕ್ಕು ಇಳಿಯುವುದೇ ಇಲ್ಲ ಎಂದು ಚೆನ್ನಾಗಿಯೇ ಅಂದರು. ನಿಜವಾದ ಪಂಚಾಕ್ಷರಯ್ಯ ಆಗ ಹಿಂದಿನಿಂದ ಕೆಮ್ಮಿದರು. ಮುಂದೆ ಇದ್ದದ್ದು ಗೂಟಕ್ಕೆ ನೇತುಹಾಕಿದ್ದ ಬಸವೇಶನ ರೈನ್‌ಕೋಟು. ಎಲ್ಲರೂ ನಕ್ಕರು, ಶಿವಗಂಗಮ್ಮನೂ ನಕ್ಕರು. ನಿಧಿ ನಗಲಿಲ್ಲ. ಕೋಟಿನ ಜೇಬಿನಿಂದ ಎಳ್ಳುಬೆಲ್ಲದ ಪೊಟ್ಟಣ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು ಅತ್ತೆಯ ಎದುರಿಗೇ ನಿಂತಳು. ಇನ್ನೂ ತಡಮಾಡಿದರೆ ಪೊರೆ ಕಲ್ಲಿನಂತಾಗಿ ಆಪರೇಶನ್ನೂ ಕಷ್ಟವಾಗುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದು ಅವಳಿಗೆ ಗೊತ್ತಿತ್ತು.

ಯುಗಾದಿ ಕಳೆದ ಮೇಲೆ ಡ್ರ್ಯಾಗನ್ ಕಥೆ ಬೀರುವಿನಲ್ಲಿದ್ದ ಕಡೆಯ ಸಂಪುಟದ ಕಡೆಯ ಪುಟಕ್ಕೆ ಬಂತು. ಹುಡುಗಿ ಉರಿನಾಗಪ್ಪನ ಎದುರು ನಿಂತಿದ್ದಾಳೆ. ಅವನು ಬಾಯಿ ತೆರೆಯುತ್ತಾನೆ. ಅವನ ನಾಲಿಗೆಯ ಮೇಲೆ ಅವಳ ಅಪ್ಪ ಎರಕ ಹೊಯ್ದ ಗಂಟೆ. ಅವಳು ಕೈ ಚಾಚುತ್ತಾಳೆ. ಅಲ್ಲಿಗೆ ಪುಟ ಮುಗಿದಿತ್ತು. ಮುಂದಿನ ಸಂಪುಟ ತರಿಸೋಣವೆಂದು ನಿಧಿ ಫೋನಿನಲ್ಲಿ ಹುಡುಕಿದಳು. ಅದನ್ನು ಇನ್ನೂ ಬರೆದೇ ಇರಲಿಲ್ಲ. ಬರೆಯುವಾತ ವಯಸ್ಸಾದವನು, ಬರೆಯುತ್ತಿದ್ದೇನೆ ಎಂದು ವರ್ಷಗಟ್ಟಲೆ ಹೇಳುತ್ತಲೇ ಇದ್ದನಂತೆ.

ಪಂಚಾಕ್ಷರಯ್ಯ ಹಣೆಗೆ ಕೈಯಿಟ್ಟುಕೊಂಡರು. ಶಿವಗಂಗಮ್ಮನ ಮುಖ ಮಾತ್ರ ಅರಳಿತು. ಮುಗಿಯದ ಪುರಾಣಕ್ಕೆ ಮಂಗಳವಿಲ್ಲ, ಮಂಗಳವಿಲ್ಲದೆ ಹೊಳೆಯಿಲ್ಲ. ಆ ಪುಣ್ಯಾತ್ಮ ನಿಧಾನವಾಗಿ ಬರೆಯಲಿ ಎಂದು ಅವರು ತಮ್ಮ ಲಿಂಗಕ್ಕೆ ಕೈಮುಗಿದರು.

ಬಸವೇಶ ಸುಮ್ಮನಿರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಕೊನೆಯ ಸಂಪುಟ ಕೊರಿಯರಿನಲ್ಲಿ ಬಂದಿದೆ ಎಂದು ಕೈಬರಹದ ಹಾಳೆಗಳ ಒಂದು ಕಟ್ಟು ತಂದುಕೊಟ್ಟ. ನಿಧಿ ಗಂಡನ ಮುಖ ನೋಡಿದಳು, ಕಟ್ಟು ನೋಡಿದಳು, ನಿಟ್ಟುಸಿರು ಬಿಟ್ಟು ಓದತೊಡಗಿದಳು. ಉರಿನಾಗಪ್ಪನಿಗೆ ಪಶ್ಚಾತ್ತಾಪವಾಯಿತು. ಅವನು ರಾಮನಾಥಪುರಕ್ಕೆ ಹೋಗಿ ಕಾವೇರಿಯಲ್ಲಿ ಮುಳುಗೆದ್ದು, ಗಂಟೆಗಳನ್ನೆಲ್ಲ ಹಿಂತಿರುಗಿಸಿ, ಬೆಳಗ್ಗೆ ಬೇಗ ಎದ್ದು ಅಂದಿನ ಪಾಠ ಅಂದೇ ಓದುವುದರ ಮಹತ್ವದ ಬಗ್ಗೆ ಮಕ್ಕಳಿಗೆ ಎರಡು ಮಾತು ಹೇಳಿದ. ಶಿವಗಂಗಮ್ಮ ಕೊನೆಯ ಸಾಲಿನವರೆಗೂ ತಾಳ್ಮೆಯಿಂದ ಕೇಳಿದರು. ಆಮೇಲೆ ಪಂಚಾಕ್ಷರಯ್ಯ ಕೂತಿದ್ದ ಕಡೆಗೆ ತಿರುಗಿ, ಈ ಉರಿನಾಗಪ್ಪ ಯಾವ ಸ್ಕೂಲಿನಲ್ಲಿ ರಿಟೈರಾದ ಎಂದು ಕೇಳಿದರು. ಪಂಚಾಕ್ಷರಯ್ಯ ಬಹಳ ದಿನ ಆ ಮನೆಯ ಕಡೆ ತಲೆಹಾಕಲಿಲ್ಲ.

ಇನ್ನು ಮೇಲಿನ ಅರೆಯೊಂದೇ ಉಳಿಯಿತು. ಮುಂಗಾರು ಹಿಡಿಯುವ ಮೊದಲಿನ ಒಂದು ಸಂಜೆ, ಅತ್ತೆ ಸೊಸೆ ಇಬ್ಬರೇ ಇದ್ದಾಗ, ದೇವರ ರಾಜ್ಯ ಎಂಬ ಅಧ್ಯಾಯ ಬಂತು. ಆ ರಾಜ್ಯ ಬಂದಾಗಿದೆ, ಆದರೆ ಇನ್ನೂ ಪೂರ್ತಿ ಬಂದಿಲ್ಲ, ನಂಬಿದವರು ಈ ಎರಡರ ನಡುವೆ ಬದುಕುತ್ತಾರೆ ಎಂದು ನಿಧಿ ಹೇಳಿದಳು. ಬಂದಿದ್ದರೆ ಬಂದಿದೆ ಅನ್ನಬೇಕು, ಇಲ್ಲದಿದ್ದರೆ ಇಲ್ಲ ಅನ್ನಬೇಕು, ಇದೆಂಥ ಮಾತು ಎಂದರು ಶಿವಗಂಗಮ್ಮ. ಕಥೆಯ ಕೊನೆ ಇನ್ನೂ ಬಂದಿಲ್ಲ ಅತ್ತೆ, ಆದರೂ ಅವರು ಪ್ರತಿವಾರ ಸೇರುತ್ತಾರೆ, ಹಾಡುತ್ತಾರೆ, ರೊಟ್ಟಿ ಮುರಿದು ಹಂಚಿಕೊಂಡು ತಿನ್ನುತ್ತಾರೆ ಎಂದಳು ನಿಧಿ.

"ಅಂಗಾರೆ ಪುರಾಣ ಮುಗಿಯಕ್ ಮುಂಚೇನೇ ಚರುಪು ಅಂಚ್ತರಾ?"

"ವಾರವಾರ ಹಂಚ್ತರೆ ಅತ್ತೆ. ಮಂಗಳಾನೂ ಹಾಡ್ತರೆ."

ಹೇಳಿದ ಮೇಲೆ ನಿಧಿ ಪುಸ್ತಕ ಮುಚ್ಚಿದಳು. ಆ ಸದ್ದಿಗೆ ಶಿವಗಂಗಮ್ಮನಿಗೆ ಎಲ್ಲ ಅರ್ಥವಾಯಿತು. ಮುಗಿಯದ ಪುರಾಣಕ್ಕೂ ಮಂಗಳ ಹಾಡಬಹುದಾದರೆ ಹೊಳೆಯೂ ದಾಟಬಹುದು. ತಾವೇ ಪ್ರಶ್ನೆ ಕೇಳಿ, ತಾವೇ ಬೋನಿನೊಳಗೆ ಹೋಗಿ ಕೂತಿದ್ದರು. ತಪ್ಪಿಸಿಕೊಳ್ಳಲು ಮಾವನವರ ಹೆಸರು ಎತ್ತಿದರು, ಅದು ಬೇರೆ ಮತದ ಪದ್ಧತಿ ಎಂದರು. ನಿಧಿ ವಾದಿಸಲಿಲ್ಲ. ರೈನ್‌ಕೋಟಿಗೆ ಎಳ್ಳುಬೆಲ್ಲ ಕೊಟ್ಟ ದಿನ ನಾನು ನಿಮ್ಮ ಎದುರಿಗೇ ನಿಂತು ಅಳುತ್ತಿದ್ದೆ, ನಿಮಗೆ ಅದೂ ಕಾಣಲಿಲ್ಲ ಎಂದಷ್ಟೇ ಹೇಳಿದಳು. ಶಿವಗಂಗಮ್ಮ ಸೆರಗಿನ ತುದಿಯನ್ನು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಒಂದು ವರ್ಷದಿಂದ ಒಳಗೆ ಇಟ್ಟುಕೊಂಡದ್ದು ಆಗ ಬಾಯಿಗೆ ಬಂತು.

"ಕಣ್ ಬಂದ್ಬುಟ್ರೆ ನೀನ್ಯಾಕವ್ವ ನನ್ ಮುಂದೆ ಬಂದು ಕೂತ್ಕತ್ತೀಯ? ನೀವೇ ಓದ್ಕಳಿ ಅಂತ ಬುಕ್ಕು ನನ್ ಮಡ್ಲಿಗಾಕ್ಬುಟ್ಟು ನಿನ್ ರೂಮಿಗೆ ಓಯ್ತೀಯ. ನಾನು ಒಬ್ಳೇ ಓದ್ಕಂಡು ಏನ್ ಮಾಡ್ಲಿ?"

ನಿಧಿ ಮುಚ್ಚಿದ್ದ ಪುಸ್ತಕವನ್ನು ಮತ್ತೆ ಬಿಡಿಸಿದಳು. ಆಮೇಲೆ ಅತ್ತೆಯ ಕೈ ಹಿಡಿದು ಆ ಕಪ್ಪು ಪುಸ್ತಕದ ಹಾಳೆಯ ಮೇಲೆ ಇಟ್ಟಳು.

"ಇವೆಲ್ಲ ಇಂಗ್ಲಿಷ್ ಬುಕ್ಕು ಅತ್ತೆ. ಕಣ್ಣು ಬಂದ್ರೆ ಇಂಗ್ಲಿಷೂ ಬತ್ತದಾ?"

ಶಿವಗಂಗಮ್ಮ ಹಾಳೆಯ ಮೇಲೆ ಬೆರಳಾಡಿಸಿದರು. ವರ್ಷವಿಡೀ ಉರಿನಾಗಪ್ಪ ಅರಕಲಗೂಡಿನ ಮಾತಾಡಿದ್ದ. ಕಪ್ಪು ರಟ್ಟಿನ ಪಂಡಿತರೆಲ್ಲ ಪೇಟೆಬೀದಿಯ ಕಟ್ಟೆಯ ಮೇಲೆ ಕೂತವರಂತೆ ಜಗಳವಾಡಿದ್ದರು. ಆ ಪುಸ್ತಕಗಳಲ್ಲಿ ಒಂದು ಅಕ್ಷರವೂ ಕನ್ನಡವಲ್ಲ ಎಂಬುದು ಅವರಿಗೆ ಪೂರ್ತಿ ಮರೆತೇ ಹೋಗಿತ್ತು. ಇದನ್ನು ಯೋಚಿಸದೆ ಒಂದು ವರ್ಷ ಕಣ್ಣನ್ನು ಒತ್ತೆಯಿಟ್ಟು ಕೂತಿದ್ದೆನಲ್ಲ ಎಂದು ಅವರಿಗೆ ನಗು ಬಂತು. ನಗುತ್ತ ನಗುತ್ತ ಅತ್ತರು. ಕಾಯಿ ಒಡೆಯಲು ಬಸವೇಶನನ್ನು ಕರೆ ಎಂದರು.

ಮಂಗಳ ಮಾವನವರ ಕಾಲದ ಧಾಟಿಯಲ್ಲೇ ನಡೆಯಿತು. ಉರಿನಾಗಪ್ಪನ ಪುಸ್ತಕವೂ ಪಾದ್ರಿ ಪುಸ್ತಕವೂ ಒಂದೇ ಪೀಠದ ಮೇಲೆ ಒಂದರ ಮೇಲೊಂದು ಕೂತು ಆರತಿ ತೆಗೆದುಕೊಂಡವು. ಪಂಚಾಕ್ಷರಯ್ಯ ಮುನಿಸು ಬಿಟ್ಟು ಬಂದು ಗಟ್ಟಿಯಾಗಿ ಹಾಡಿದರು. ಕೊಬ್ಬರಿ ಸಕ್ಕರೆಯ ಚರುಪು ಬೀದಿಯ ಎಲ್ಲ ಮನೆಗೂ ಹೋಯಿತು. ಯಾವ ಪುರಾಣದ್ದು ಎಂದು ಕೇಳಿದವರಿಗೆ ಬಸವೇಶ, ಬೀರುವಿನದು, ಎಂದು ಹೇಳಿ ಮುಂದಿನ ಮನೆಗೆ ಹೋದ. ಮಾರನೆಯ ಬೆಳಗ್ಗೆ ಕಾರು ಗೊರೂರಿನ ಸೇತುವೆ ದಾಟುವಾಗ ಶಿವಗಂಗಮ್ಮ ಒಂದು ಕೈಯಲ್ಲಿ ಲಿಂಗವನ್ನೂ ಇನ್ನೊಂದರಲ್ಲಿ ಸೊಸೆಯ ಮೊಣಕೈಯನ್ನೂ ಹಿಡಿದುಕೊಂಡಿದ್ದರು.

ಮೊದಲು ಒಂದು ಕಣ್ಣಿಗೆ ಆಯಿತು. ಮನೆಗೆ ಬಂದು, ಕಪ್ಪು ಕನ್ನಡಕ ತೆಗೆಯಬಹುದು ಎಂದು ಡಾಕ್ಟರು ಹೇಳಿದ ದಿನ, ಶಿವಗಂಗಮ್ಮ ಮೊದಲು ಸೊಸೆಯ ಮುಖವನ್ನು ಹತ್ತಿರದಿಂದ ನೋಡಿದರು. ಬಡವಾಗಿದ್ದೀಯ ಎಂದರು. ಆಮೇಲೆ ನೆಟ್ಟಗೆ ಬೀರುವಿನ ಬಳಿಗೆ ಹೋಗಿ ಒಂದು ಪುಸ್ತಕ ತೆಗೆದು ಮಧ್ಯದಲ್ಲಿ ಬಿಡಿಸಿದರು. ಅಕ್ಷರ ಒಂದೊಂದೂ ಸ್ಪಷ್ಟವಾಗಿ ಕಂಡಿತು. ಅವು ಇರುವೆಗಳ ಸಾಲಿನಂತಿದ್ದವು. ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. ಯಾವುದರಲ್ಲೂ ಒಂದಕ್ಷರವೂ ತಿಳಿಯಲಿಲ್ಲ. ಅವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸಂಜೆ ನಿಧಿ ಮೇಲಿನ ಅರೆಯ ಪುಸ್ತಕ ಹಿಡಿದು ಎದುರಿಗೆ ಕೂತು ಓದತೊಡಗಿದಳು. ಶಿವಗಂಗಮ್ಮ ಕೆನ್ನೆಗೆ ಕೈಕೊಟ್ಟು ಅವಳ ಕಣ್ಣು, ತುಟಿ, ಬೆರಳು ಎಲ್ಲವನ್ನೂ ನೋಡುತ್ತ ಕೇಳಿದರು. ಬೆರಳು ಒಂದು ಹಾಳೆ ಎತ್ತಿತು. ಜೊತೆಗೆ ಇನ್ನೂ ಎರಡು ಹಾಳೆ ಎತ್ತಿತು. ಮೂರೂ ಒಟ್ಟಿಗೆ ಮಗುಚಿಕೊಂಡವು, ನಿಧಿಯ ಮಾತು ಮಾತ್ರ ಎಲ್ಲೂ ತುಂಡಾಗದೆ ಮುಂದಕ್ಕೆ ಹರಿಯಿತು.

ಶಿವಗಂಗಮ್ಮ ಕೈ ಚಾಚಿ ಪುಸ್ತಕದ ಮೇಲೆ ಇಟ್ಟರು. ಕಪ್ಪು ರಟ್ಟಿನದು ಬಂದಾಗಲೆಲ್ಲ ಹೀಗೇ ಮಾಡುತ್ತಿದ್ದೆಯಾ ಎಂದು ಕೇಳಿದರು. ನಿಧಿ ನಾಲಿಗೆ ಕಚ್ಚಿಕೊಂಡಳು. ಅವು ಬರೀ ಅಡಿಟಿಪ್ಪಣಿ, ಹಳೇ ಪಂಡಿತರ ಹೆಸರು, ಅದರಲ್ಲಿ ಕಥೆಯೇನೂ ಇಲ್ಲ ಎಂದಳು. ಹೆಸರಿದ್ದವರಿಗೆ ಅಪ್ಪ ಅಮ್ಮ ಇರುತ್ತಾರೆ, ಅವರ ಸಮಾಚಾರ ನನಗೆ ಬೇಕು ಎಂದರು ಅತ್ತೆ. ಬಿಟ್ಟದ್ದೆಲ್ಲ ಓದಬೇಕು, ಮೊದಲ ಪುಟದಿಂದ. ಎದ್ದು ಅಡಿಗೆಮನೆಗೆ ನಡೆದರು. ಗೋಡೆ ಹಿಡಿಯಲಿಲ್ಲ, ಗೂಟದಲ್ಲಿದ್ದ ರೈನ್‌ಕೋಟನ್ನು ಮಾತಾಡಿಸಲಿಲ್ಲ. ಬುಟ್ಟಿಯಿಂದ ಒಳ್ಳೆಯ ತೆಂಗಿನಕಾಯಿ ಆರಿಸಿ ತಂದು ಪೀಠದ ಮುಂದೆ ಇಟ್ಟರು.

ಅಂಗಡಿ ಮುಚ್ಚಿ ಬಂದ ಬಸವೇಶ ಕಾಯಿ ನೋಡಿ ಹೊಸ್ತಿಲಲ್ಲೇ ನಿಂತ. "ಇನ್ನೊಂದು ಕಣ್ಣು ಬಾಕಿ ಐತೆ ಕಣವ್ವ," ಎಂದ.

"ಗೊತ್ತು ಕಣ್ಲಾ. ಗೊರೂರು ಸೇತುವೆ ಲೆಕ್ಕಕ್ಕಿಲ್ಲ ಅಂತ್ಲೇ ಕಾಯಿ ಇಟ್ಟಿವ್ನಿ," ಎಂದು ಶಿವಗಂಗಮ್ಮ ಸೊಸೆಯ ಕಡೆ ತಿರುಗಿದರು. "ನೀನು ಓದವ್ವ. ಒಂದೊಂದೇ ಆಳೆ."